ಕಚ್ಚಿಕೊಂಡ ಹಬ್

ನನ್ನ ಗಂಡನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಂದಗಿ ಬಸ್ ನಿಲ್ದಾಣದ ಹಿಂದಿದ್ದ ನಮ್ಮ ಗ್ಯಾರೇಜಿನಲ್ಲಿ ಅವರು ಒಂದು ಜೀಪಿನ ಇಂಜಿನ್ ಓಡಿಸಿಕೊಂಡೇ ಅದರ ಮೇಲೆ ಬಾಗಿದ್ದರು. ಇಂಜಿನ್ನಿನ ಮುಂದೆ ತಿರುಗುವ ಫ್ಯಾನಿನ ಅಲಗೊಂದು ಮುರಿದು ಹಾರಿತು. ಗ್ಯಾರೇಜಿಗೆ ಅಂಟಿಕೊಂಡೇ ಇದ್ದ ಮನೆಯಿಂದ ನಾನು ಓಡಿ ಬರುವಷ್ಟರಲ್ಲಿ ಅವರು ಕೈಗೆ ಅಂಗಿ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಇಂಜಿನ್ ಇನ್ನೂ ಓಡುತ್ತಿತ್ತು. ಅದನ್ನು ಬಂದ್ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಮೊದಲು ಕಲಿತದ್ದು ಅದನ್ನೇ. ಒಂದೂವರೆ ಕೈಯಲ್ಲಿ ಆಗದ ಕೆಲಸಕ್ಕೆ ಅವರು ನನ್ನನ್ನು ಕರೆಯತೊಡಗಿದರು. ಬೋಲ್ಟು ತಿರುವುವ ಪಾನಾಗಳ ನಂಬರು ಬಾಯಿಪಾಠವಾದವು. ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು; ನಕ್ಕು ಸುಮ್ಮನಾದರು. ಆದರೆ ಒಂದನ್ನು ನಾನು ಗಮನಿಸಿದ್ದೆ. ಬ್ರೇಕು, ಕ್ಲಚ್ಚು, ಗೇರು ಎಲ್ಲವನ್ನೂ ಮಾಡುತ್ತಿದ್ದ ಅವರು ಫ್ಯಾನಿನ ಕಡೆಯ ಕೆಲಸ ಬಂದರೆ ಸಾಕು, "ಸಾಮಾನ ಇಲ್ರಿ, ವಿಜಾಪುರಕ್ಕ ಒಯ್ರಿ" ಎಂದು ಕಳಿಸಿಬಿಡುತ್ತಿದ್ದರು.

ಎರಡು ವರ್ಷ ಹೀಗೇ ಹೋಯಿತು. ಒಂದು ಬೇಸಿಗೆಯ ಮುಂಜಾನೆ ಆಲಮೇಲದ ಡಾಕ್ಟರು ತಮ್ಮ ಕಾರು ತಂದು ನಿಲ್ಲಿಸಿದರು. ದುಂಡು ಮೂತಿಯ ಹಳೆಯ ಕಾರು, ನಮ್ಮ ಮದುವೆಗಿಂತ ಮೊದಲಿನದು. ಭೀಮಾ ದಂಡೆಯ ಹಳ್ಳಿಗಳಿಗೆ ಅವರು ಹೆರಿಗೆ ಮಾಡಿಸಲು ಹೋಗುತ್ತಿದ್ದದ್ದು ಅದರಲ್ಲೇ. ನನ್ನ ಗಂಡನ ಕೈ ಹೊಲಿದವರೂ ಅವರೇ.

"ಮಿಸ್ತ್ರಿ, ನೀರಿನ ಪಂಪು ಸೋರಾಕತ್ತೈತಿ, ಫ್ಯಾನೂ ಅಲ್ಲಾಡತೈತಿ," ಎಂದರು. "ಸೋಲಾಪುರದಿಂದ ಹೊಸಾ ಪಂಪು ತರಿಸೇನಿ. ಆದ್ರ ಅದಕ್ಕ ಹಬ್ ಬಂದಿಲ್ಲ. ಹಳೇದನ್ನ ಬಿಡಿಸಿ ಹಾಕಬೇಕು. ಅದು ಒಡೀತಂದ್ರ ಈ ಗಾಡಿ ಮುಗೀತು, ಬ್ಯಾರೆ ಎಲ್ಲೂ ಸಿಗೂದಿಲ್ಲ."

ವಿಜಾಪುರಕ್ಕೆ ಒಯ್ಯಿರಿ ಎನ್ನಲು ನನ್ನ ಗಂಡನಿಗೆ ಬಾಯಿ ಬರಲಿಲ್ಲ. "ನೋಡ್ತೇನ್ರಿ," ಎಂದರು. ಸಂಜೆ ಬರುತ್ತೇನೆಂದು ಡಾಕ್ಟರು ಹೋದರು.

ರೇಡಿಯೇಟರ್ ಇಳಿಸಿದೆವು. ಫ್ಯಾನು ಬಿಚ್ಚಿ ಗೋಡೆಗೆ ಆನಿಸಿಟ್ಟೆ. ಪಂಪಿನ ತಿರುಗುವ ದಂಡಕ್ಕೆ ತೊಡಿಸಿದ, ಫ್ಯಾನನ್ನು ಹೊರುವ ಅಂಗೈಯಗಲದ ಕಬ್ಬಿಣದ ತುಂಡೇ ಹಬ್. ಪಂಪಿನ ಬೋಲ್ಟುಗಳು ಅದರ ಹಿಂದೆ ಅಡಗಿದ್ದವು. ಅದು ಬರದೆ ಪಂಪು ಬರುವಂತಿರಲಿಲ್ಲ. ಅದೋ ತುಕ್ಕು ಹಿಡಿದು ದಂಡಕ್ಕೆ ಕಚ್ಚಿಕೊಂಡಿತ್ತು. ಅದನ್ನು ಹಿಡಿದು ಎಳೆಯುವ ಮೂರು ಕಾಲಿನ ಪುಲ್ಲರ್ ಸಿಕ್ಕಿಸಿ ನಡುವಿನ ಸ್ಕ್ರೂ ತಿರುವಿದೆವು. ಪುಲ್ಲರಿನ ಕಾಲುಗಳು ಬಿಲ್ಲಿನಂತೆ ಬಿಗಿದವು, ಹಬ್ ಕದಲಲಿಲ್ಲ.

"ಕಾಸಬೇಕು," ಎಂದರು.

ಬ್ಯಾಟರಿಯ ತಂತಿ ಕಿತ್ತೆವು. ಪೆಟ್ರೋಲಿನ ನಳಿಗೆ ಬಿರಡೆ ಜಡಿದು ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆವು. ಆದರೂ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಲೇ ಇತ್ತು. ಬ್ಲೋ ಲ್ಯಾಂಪಿನ ನೀಲಿ ಉರಿ ಭೋರ್ಗರೆಯುತ್ತ ಹಬ್‌ಗೆ ತಾಗಿದಾಗ ನಾನು ನೀರಿನ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡೆ. ಗೋಣಿತಟ್ಟಿನಿಂದ ಹಬೆ ಎದ್ದಾಗ, ಬೆಂಕಿಯೇ ಹೊತ್ತಿತೆಂದು ಕೊಡದ ನೀರು ಸುರಿಯಲು ಹೋಗಿದ್ದೆ.

ಉರಿ ಆರಿಸಿ ಅವರು ಮತ್ತೆ ಪಾನಾ ಹಾಕಿದರು. ಅದು ಸ್ಕ್ರೂ ತಲೆಯ ಮೇಲೆ ಕೂರದೆ ಟಕಟಕ ಸದ್ದು ಮಾಡಿತು. ಒಂದು ಸುತ್ತೂ ತಿರುವದೆ ಅವರು ಹಿಂದೆ ಸರಿದು ಟೈರಿನ ಮೇಲೆ ಕುಸಿದರು.

"ನನ್ನ ಕೈಲೆ ಆಗೂದಿಲ್ಲ. ಬಗ್ಗಿದ್ರ ಸಾಕು, ಆ ಅಲಗ ಬಂದಂಗ ಆಗತೈತಿ."

ಎರಡು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದರು. ನನಗೇನು ಧೈರ್ಯವಿತ್ತು? ಬಿಗಿದು ನಿಂತ ಆ ಪುಲ್ಲರ್ ಜಾರಿದರೆ ಎದೆಗೋ ಮುಖಕ್ಕೋ ಬಡಿಯುತ್ತದೆಂದು ನನಗೂ ಕಾಣುತ್ತಿತ್ತು.

"ಇಂಜಿನ್ ಬಂದ್ ಐತ್ರಿ," ಎಂದೆ. "ಫ್ಯಾನು ಗ್ವಾಡಿಗೆ ಐತಿ, ನೋಡ್ರಿ. ನೀವು ಹೇಳ್ರಿ, ನಾ ತಿರುವತೇನಿ."

ಅವರು ಫ್ಯಾನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಂದು ಸರಪಳಿ ತಂದು ಹಾರಿ ಬಡಿಯದಂತೆ ಹಬ್, ಪುಲ್ಲರ್ ಎರಡನ್ನೂ ಸೇರಿಸಿ ಇಂಜಿನ್ನಿಗೆ ಸಡಿಲಾಗಿ ಕಟ್ಟಿದರು. "ಮುಂದ ನಿಂದರಬ್ಯಾಡ. ಬಾಜೂಕ ಬಾ. ಮಾರಿ ಆ ಕಡೆ ಮಾಡು."

ಬಿಸಿ ಆರುವ ಮೊದಲೇ ಪಾನಾಕ್ಕೆ ಕೊಳವೆ ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಜಗ್ಗಿದೆ. ಕಾಲು ಸುತ್ತು. "ಇನ್ನ ಸ್ವಲ್ಪ." ಮತ್ತೆ ಕಾಲು ಸುತ್ತು. ಸ್ಕ್ರೂ ಕಿರ್ರೆಂದಿತು. "ಸಾಕು, ಕೈ ತಗಿ," ಎಂದು ಅವರೇ ಸುತ್ತಿಗೆ ಎತ್ತಿಕೊಂಡು ಸ್ಕ್ರೂ ತಲೆಗೆ ಒಂದೇ ಏಟು ಹಾಕಿದರು.

ಗುಂಡು ಹಾರಿದಂಥ ಸದ್ದು. ನಾನು ನೆಲಕ್ಕೆ ಕೂತುಬಿಟ್ಟೆ. ಕಣ್ಣು ತೆರೆದು ಮೊದಲು ನೋಡಿದ್ದು ಅವರ ಕೈಗಳನ್ನು, ಎರಡೂ ನೆಟ್ಟಗಿದ್ದವು. ಹಬ್ ಸರಪಳಿಯಲ್ಲಿ ನೇತಾಡುತ್ತಿತ್ತು.

ಆದರೆ ಅದು ಬಿರುಕು ಬಿಟ್ಟಿದ್ದರೆ? ಅವರು ಅದಕ್ಕೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಉಜ್ಜಿದರು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಗೆರೆಯಾಗಿ ಮೇಲೇಳುತ್ತದಂತೆ. ಇಬ್ಬರೂ ಆ ಬಿಳಿ ಪುಡಿಯನ್ನೇ ನೋಡುತ್ತ ಕೂತೆವು. ಗೆರೆ ಮೂಡಲಿಲ್ಲ.

ಸಂಜೆಯ ಹೊತ್ತಿಗೆ ಹೊಸ ಪಂಪು ಕೂತಿತು, ಫ್ಯಾನೂ ಕೂತಿತು. ಇಂಜಿನ್ ಚಾಲೂ ಮಾಡಿದವಳು ನಾನು. ಅವರು ಬಾಗಿಲ ಹೊರಗೇ ನಿಂತಿದ್ದರು. ಬೇಕೆಂದ ಕೂಡಲೇ ಬಂದ್ ಮಾಡಲೆಂದು ನನ್ನ ಕೈ ಸ್ವಿಚ್ಚಿನಿಂದ ಕದಲಲಿಲ್ಲ. ಅವರು ಎರಡು ಹೆಜ್ಜೆ ಒಳಗೆ ಬಂದರು, ನಿಂತರು, ಮತ್ತೊಂದು ಹೆಜ್ಜೆ ಬಂದರು. ಕೊನೆಗೆ ಇಂಜಿನ್ನಿನ ಪಕ್ಕಕ್ಕೇ ಬಂದು ಸೋರುತ್ತಿದೆಯೇ ಎಂದು ಕತ್ತು ಚಾಚಿ ನೋಡಿದರು.

ಡಾಕ್ಟರು ಬಂದು ಹಬ್ ಹೇಗೆ ಬಂತೆಂದು ಕೇಳಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರೆಂದರು: "ಅಂಜಿಕಿ ಬಂತೇನು?"

"ಬಂತ್ರಿ. ಇಬ್ಬರಿಗೂ ಬಂತು," ಎಂದರು ನನ್ನ ಗಂಡ.

ಅಂಜಿಕೆ ಆಮೇಲೂ ಪೂರ್ತಿ ಹೋಗಲಿಲ್ಲ. ಆದರೆ ಮುಂದಿನ ವಾರ ಇಂಡಿ ಊರಿಂದ ಒಂದು ಲಾರಿ ಪಂಪು ಸೋರಿಸಿಕೊಂಡು ಬಂದಾಗ ಅವರು ಅದನ್ನು ವಿಜಾಪುರಕ್ಕೆ ಕಳಿಸಲಿಲ್ಲ. ಒಳಗೆ ಬಂದು, ಸ್ವಲ್ಪ ಬಾಜೂಕ ನಿಂದರ್ತಿಯೇನು ಎಂದು ನನ್ನನ್ನು ಕೇಳಿದರು.