ಅಣ್ಣಯ್ಯನ ಮುಗಿಯದ ಬಂಪರು

ಶಾಂತಿಗ್ರಾಮದ ಅಣ್ಣಯ್ಯನಿಗೆ ಕೂತಲ್ಲಿ ಕೂರಲಾಗದು. ಹಳೇ ಜೀಪಿಗೆ ಮನೆಯಂಗಳದಲ್ಲೇ ಬಂಪರ್ ವೆಲ್ಡ್ ಮಾಡುತ್ತಾನೆ, ಹಿಂದೆ ಸರಿದು ನೋಡುತ್ತಾನೆ, "ಥೂ, ಸರ್ಯಾಗ್ಲಿಲ್ಲ ಕಣ್ಲಾ" ಎಂದು ತನಗೆ ತಾನೇ ಬೈದುಕೊಂಡು ಗ್ರೈಂಡರಿನಿಂದ ಕತ್ತರಿಸಿ ಹಾಕುತ್ತಾನೆ. ಹಿತ್ತಿಲ ಗೇಟು, ಬೋರ್‌ವೆಲ್ಲಿನ ಪೈಪು, ಕೊನೆಗೆ ಮಲಗುವ ಕಬ್ಬಿಣದ ಮಂಚವೂ ಆ ಬಂಪರಿನ ಹೊಟ್ಟೆ ಸೇರಿವೆ. ಉಣ್ಣಲು ಕೂತವನು ಅರ್ಧ ಮುದ್ದೆಗೇ ಎದ್ದುಬಂದು ಅಂಚನ್ನು ಅರದಿಂದ ಉಜ್ಜಿ, ಪಂಚೆ ಎತ್ತಿ, ತನ್ನ ಬರಿ ಮಂಡಿಯನ್ನೇ ಅದಕ್ಕೆ ತಿಕ್ಕಿ ನೋಡುತ್ತಾನೆ. ಅವನು ಮಾಡಿದ ಮೊದಲ ಬಂಪರಿನ ಚೂಪು ಮೂಲೆ ಹೆಂಡತಿ ಬೀರಮ್ಮನ ಮಂಡಿ ಸೀಳಿತ್ತು. "ಯಾವತ್ತೋ ವಾಸಿ ಆಯ್ತು, ಬುಡಿ ಅತ್ಲಾಗೆ" ಎನ್ನುತ್ತಾಳೆ ಅವಳು. ಆದರೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಾಗ, ತನಗೇ ಗೊತ್ತಿಲ್ಲದೆ ಮಂಡಿಯ ಮೇಲೆ ಸೀರೆ ಒತ್ತಿ ಹಿಡಿದು, ಜೀಪನ್ನು ದೂರದಿಂದ ಬಳಸಿಕೊಂಡು ಹೋಗುತ್ತಾಳೆ. ಅದನ್ನು ಕಂಡದ್ದೇ, ಅಣ್ಣಯ್ಯ ಮತ್ತೆ ಗ್ರೈಂಡರ್ ಎತ್ತಿಕೊಳ್ಳುತ್ತಾನೆ.