ಎಲ್ಲಾರೂ ಆರಾಮ ಅದಾರ್ರಿ

ನಾನು ಟೆಲಿಫೋನಿಗೆ ಹೆದರುತ್ತಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ನಮ್ಮ ಕಡೆ ಒಳ್ಳೆಯ ಸುದ್ದಿಗೆ ಕಾರ್ಡು ಬರುತ್ತಿತ್ತು, ಸಾವಿನ ಸುದ್ದಿಗೆ ಮಾತ್ರ ಫೋನು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅಪ್ಪ ತೀರಿಕೊಂಡಾಗ ನಮ್ಮೂರು ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರು ನನ್ನನ್ನು ಅಂಗಡಿಗೆ ಕರೆಸಿ ರಿಸೀವರ್ ಕೈಗಿತ್ತಿದ್ದರು. ಆಮೇಲೆ ಆ ಕರಿ ಡಬ್ಬಿಯ ಹತ್ತಿರ ನಾನು ಸುಳಿಯಲಿಲ್ಲ.

ಎಂಬತ್ತರ ದಶಕದ ಒಂದು ಲೋಕಸಭಾ ಇಲೆಕ್ಷನ್ನಿಗೆ ಅದೇ ಅಂಗಡಿ ನಮ್ಮ ಪ್ರಚಾರದ ಕಚೇರಿಯಾಯಿತು. ಹುಡುಗಿಯರಿಗೆ ಹೈಸ್ಕೂಲು ತರುತ್ತೇನೆಂದ ಅಭ್ಯರ್ಥಿಗಾಗಿ ನಾನು ಮತದಾರರಿಗೆ ಹೆಸರು, ನಂಬರಿನ ಚೀಟಿ ಬರೆದುಕೊಡುತ್ತಿದ್ದೆ. ಒಂದು ಮುಂಜಾನೆ ಅಭ್ಯರ್ಥಿಯ ಜೀಪು ಕೆಟ್ಟು ನಿಂತಿತು. ಮರುದಿನ ಹಾನಗಲ್, ಸವಣೂರು, ಶಿಗ್ಗಾಂವಿಯಲ್ಲಿದ್ದ ಸಭೆಗಳನ್ನು ಮುಂದೂಡಬೇಕು, ಇಲ್ಲವಾದರೆ ಜನ ಬಿಸಿಲಲ್ಲಿ ಕಾದು ಬೈದು ಹೋಗುತ್ತಾರೆ. ಪ್ರಚಾರದ ಗಂಡಸರೆಲ್ಲ ಜೀಪಿನ ರಿಪೇರಿಗೆ ಹೋಗಿದ್ದರು.

"ಅಕ್ಕಾರ, ನೀವ ಮಾತಾಡ್ರಿ," ಎಂದರು ಹತ್ತಿ ತೂಗುತ್ತಿದ್ದ ವ್ಯಾಪಾರಿ.

ಎಕ್ಸ್‌ಚೇಂಜಿಗೆ ಹೇಳಿ ಹಾನಗಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಗಲೆಂದು ಕಾದೆ. ಗಂಟೆ ಬಾರಿಸಿದಾಗ ಎರಡೂ ಕೈಯಿಂದ ರಿಸೀವರ್ ಎತ್ತಿದೆ. ಆ ಕಡೆ ಎತ್ತಿದ್ದು ನಮ್ಮ ಕಾರ್ಯಕರ್ತರೊಬ್ಬರ ತಾಯಿ.

"ಹಿರೇಕೆರೂರಿಂದ ಮಾತಾಡಾಕತ್ತೇನ್ರಿ," ಎಂದೆ, ಅಷ್ಟೇ. "ಅಯ್ಯೋ ನನ್ನ ಮಗಳ!" ಎಂದು ಮುದುಕಿ ಅಳತೊಡಗಿದರು. ಅವರ ಮಗಳನ್ನು ನಮ್ಮೂರಿಗೇ ಕೊಟ್ಟಿದ್ದರಂತೆ.

ನನಗಿಂತ ಹೆದರಿದವರು ಆ ಕಡೆ ಇದ್ದಾರೆ ಎಂದು ಗೊತ್ತಾದದ್ದೇ ತಡ, ನನ್ನ ಹೆದರಿಕೆ ಎಲ್ಲಿಗೆ ಹೋಯಿತೋ! "ಅವ್ವಾರ, ಅಳಬ್ಯಾಡ್ರಿ! ಎಲ್ಲಾರೂ ಆರಾಮ ಅದಾರ್ರಿ! ಇದು ಇಲೆಕ್ಷನ್ ಸುದ್ದಿ!" ಎಂದು ಕೂಗಿದೆ.

"ಮೊದಲ ಅದನ್ನ ಹೇಳಬಾರದೇನವಾ? ಜೀವಾನ ಬಾಯಿಗೆ ಬಂದಿತ್ತು," ಎಂದು ಬೈದರು. ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಅಂದಿನಿಂದ ಯಾವ ಊರಿಗೆ ಮಾತಾಡಿದರೂ "ಎಲ್ಲಾರೂ ಆರಾಮ ಅದಾರ್ರಿ" ಎಂದೇ ಶುರು ಮಾಡಿದೆ. ವಾರದೊಳಗೆ ಎಕ್ಸ್‌ಚೇಂಜಿನ ಆಪರೇಟರನೇ "ಆರಾಮ ಅಕ್ಕಾರು ಲೈನಿನ ಮ್ಯಾಲೆ ಅದಾರ" ಎಂದು ಹೇಳಿ ಜೋಡಿಸುತ್ತಿದ್ದ. ನನ್ನ ಜಂಬ ಕೇಳಬೇಡಿ.

ನಾವು ಸೋತೆವು. ಎಣಿಕೆಯ ದಿನ ಮೂರೂ ಊರಿನವರು ಫೋನಿನ ಮುಂದೆ ಕಾಯುತ್ತಿದ್ದರು, ನಮ್ಮ ಗಂಡಸರು ಮಾತ್ರ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದ್ದರು. ಅಪ್ಪನ ಸುದ್ದಿ ಕೇಳಿಸಿದ ಆ ರಿಸೀವರನ್ನು ನಾನೇ ಎತ್ತಿದೆ. ಮೊದಲು ಹಾನಗಲ್ಲಿಗೆ ಮಾಡಿದೆ.

"ಎಲ್ಲಾರೂ ಆರಾಮ ಅದಾರ್ರಿ. ಸೋತೇವಿ, ಅಷ್ಟ."

ಆ ಕಡೆ ಎತ್ತಿದ್ದು ಅದೇ ಮುದುಕಿ. "ಸೋತರ ಸೋತ್ರಿ. ಮುಂದಿನ ಸಲನೂ ಫೋನ್ ನೀನ ಮಾಡ್ತೀಯಲ್ಲವಾ?"

"ನಾನ ಮಾಡ್ತೇನ್ರಿ," ಎಂದೆ.