ಹದಿನಾರು ತಪ್ಪಿನವರೆಗೆ ಮಾಫಿ

ಮಿನ್ನೆಸೋಟದ ನಮ್ಮ ವಿದ್ಯುತ್ ಸಹಕಾರ ಸಂಘದಲ್ಲಿ ಆರ್ಲಿಸ್ ಟ್ವೈಟ್ ಇಪ್ಪತ್ತಾರು ವರ್ಷ ದುಡಿದಳು. ನಾನು ಅಲ್ಲೇ ಕಂಬ ಹತ್ತುವವನು. ಕರೆಂಟು ಹರಿಯುವ ತಂತಿಯಲ್ಲೇ ಮೀಟರುಗಳು ಆಫೀಸಿಗೆ ಸಂದೇಶ ಕಳಿಸುತ್ತವೆ. ವೆಲ್ಡಿಂಗ್, ಕಾಳು ಒಣಗಿಸುವ ಯಂತ್ರ, ಎಲ್ಲದರ ಗದ್ದಲವೂ ಅದೇ ತಂತಿಯಲ್ಲಿ. ಅದಕ್ಕೇ ಪ್ರತಿ ಸಂದೇಶಕ್ಕೂ ಒಂದಿಷ್ಟು ಹೆಚ್ಚುವರಿ ಅಂಕಿ ಸೇರಿಸಿರುತ್ತಾರೆ. ದಾರಿಯಲ್ಲಿ ಎಂಟು ಅಂಕಿಯವರೆಗೆ ಕೆಟ್ಟರೂ ಆಫೀಸಿನ ಯಂತ್ರ ತಾನೇ ತಿದ್ದಿಕೊಳ್ಳುತ್ತದೆ. ಈ ವ್ಯವಸ್ಥೆ ಆರ್ಲಿಸ್ ಕೈಯಲ್ಲಿತ್ತು. ಉಳಿದವರು ತಿದ್ದಿದ ಸಂದೇಶ ಓದಿದರೆ, ಅವಳು ಬೆಳಿಗ್ಗೆ ಕಾಫಿ ಹಿಡಿದು ಎಷ್ಟು ತಿದ್ದಬೇಕಾಯಿತು ಎಂಬ ಪಟ್ಟಿ ಓದುತ್ತಿದ್ದಳು.

ಆ ಜೂನ್‌ನಲ್ಲಿ ಹಾವ್ಲೆಂಡ್ ಎಂಬ ರೈತನ ಟರ್ಕಿ ಕೋಳಿ ಶೆಡ್ಡಿನ ಮೀಟರಿನ ಸಂದೇಶದಲ್ಲಿ ಮೂರು ತಪ್ಪು, ಆಮೇಲೆ ಐದು, ಆಮೇಲೆ ಎಂಟು.

"ಅಲ್ಲೆಲ್ಲೋ ಕಂಬದ ಮೇಲೆ ತಂತಿ ಕೂರಿಸೋ ಪಿಂಗಾಣಿ ಬಿರುಕುಬಿಟ್ಟು ಕಿಡಿ ಹಾರ್ತಿದೆ," ಎಂದಳು ಆರ್ಲಿಸ್ ಮ್ಯಾನೇಜರ್ ಕ್ರೋಗ್‌ಗೆ. "ಹಾವ್ಲೆಂಡನ ಜನರೇಟರ್ ರಿಪೇರಿಗೆ ಹೋಗಿದೆ. ಕರೆಂಟ್ ಹೋದ್ರೆ ಫ್ಯಾನ್ ನಿಲ್ಲುತ್ತೆ, ಒಂಬತ್ತು ಸಾವಿರ ಕೋಳಿ ಉಸಿರುಕಟ್ಟಿ ಸಾಯ್ತಾವೆ. ಯಾರನ್ನಾದ್ರೂ ಕಳ್ಸಿ."

"ಸಂದೇಶ ಬಂತು ತಾನೆ? ಮತ್ತೇನು ನಿಂದು ರಗಳೆ?" ಎಂದ ಕ್ರೋಗ್. "ಎಂಟು ಸಾಲದಿದ್ರೆ ಹದಿನಾರು ತಿದ್ದೋ ಹಾಗೆ ಮಾಡು. ಆ ಪಟ್ಟೀನೂ ತೆಗೆದುಹಾಕು, ನಿರ್ದೇಶಕರು ನೋಡಿ ಸುಮ್ನೆ ಹೆದರ್ತಾರೆ."

ಕೊಳೆತ ಹುಣ್ಣಿಗೆ ಬಟ್ಟೆ ಸುತ್ತಿ ವಾಸಿಯಾಯಿತು ಎನ್ನುವ ಈ ಬುದ್ಧಿ ನನಗೆ ಇಂದಿಗೂ ಅಸಹ್ಯ. ಆರ್ಲಿಸ್ ಅಂದೇ ಕೂತು ಹದಿನಾರು ಮಾಡಿದಳು, ಪಟ್ಟಿಯನ್ನೂ ಮುಚ್ಚಿದಳು. ನಾನೂ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡವನು. ಯಾರೂ ಹೇಳದಿದ್ದರೂ ಕಂಬ ಹತ್ತಿ ನೋಡಬಹುದಿತ್ತು, ನೋಡಲಿಲ್ಲ. ಥೂ.

ಜುಲೈನ ಒಂದು ಮಧ್ಯಾಹ್ನ, ಬಿರುಕಿನ ಪಿಂಗಾಣಿಗೆ ಅಂಟಿದ್ದ ಒಣ ಧೂಳಿನ ಮೇಲೆ ತುಂತುರು ಬಿದ್ದು, ಕರೆಂಟು ಸೋರಿ ಆ ಮರದ ಕಂಬ ಹೊತ್ತಿಕೊಂಡಿತು. ಬೆಳಗಿನ ಸಂದೇಶ ಅಚ್ಚುಕಟ್ಟಾಗಿಯೇ ಬಂದಿತ್ತು. ನಾವು ಹೊಸ ಕಂಬ ನಿಲ್ಲಿಸುವಷ್ಟರಲ್ಲಿ ಶೆಡ್ಡಿನಲ್ಲಿ ಒಂದು ರೆಕ್ಕೆಯೂ ಆಡುತ್ತಿರಲಿಲ್ಲ.

ಮರುದಿನ ಆರ್ಲಿಸ್ ಆ ಪಟ್ಟಿಯನ್ನು ಮತ್ತೆ ತೆರೆದಳು. ಹೊಸ ಪಿಂಗಾಣಿ ಕೂತಿತ್ತಲ್ಲ, ತಪ್ಪು ಸೊನ್ನೆ.

"ನೋಡ್ದ್ಯಾ, ಹದಿನಾರು ಹೇಗೆ ಕೆಲ್ಸ ಮಾಡ್ತು," ಎಂದ ಕ್ರೋಗ್ ಆ ಸೊನ್ನೆ ನೋಡಿ, ಬಾಯಿತುಂಬ ಡೋನಟ್ ಇಟ್ಟುಕೊಂಡು.

ಅವಳು ಕಾಫಿ ಲೋಟ ಇಟ್ಟು ನನ್ನ ಜೊತೆ ಹೊರಟಳು. ನನ್ನ ಟ್ರಕ್ಕಿನಲ್ಲಿ ಹಾವ್ಲೆಂಡನ ಅಂಗಳಕ್ಕೆ ಹೋದೆವು. ಅವನು ಗುಂಡಿಗೆ ಸತ್ತ ಕೋಳಿ ಸುರಿಯುತ್ತಿದ್ದ. ಆ ನಾತ ಕಿಟಕಿ ಏರಿಸಿದರೂ ಬಿಡಲಿಲ್ಲ.

"ನಂಗೆ ಒಂದು ತಿಂಗಳಿಂದ ಗೊತ್ತಿತ್ತು," ಎಂದಳು ಆರ್ಲಿಸ್ ಅವನಿಗೆ, ಟ್ರಕ್ಕಿನ ಬಾಗಿಲು ತೆರೆದೇ ಬಿಟ್ಟು ಇಳಿದು. "ಕಾಣದ ಹಾಗೆ ಮಾಡಿದ್ದೂ ನಾನೇ."

"ನನ್ನ ಫೋನ್ ನಂಬರ್ ಇರ್ಲಿಲ್ವಾ ನಿನ್ಹತ್ರ?"

"ಇತ್ತು."

ಹಾವ್ಲೆಂಡ್ ಸಲಿಕೆಯನ್ನು ಅವಳ ಕಾಲಬುಡಕ್ಕೆ ಎಸೆದು ಒಳಗೆ ಹೋದ. ಕತ್ತಲಾಗುವವರೆಗೂ ಅವಳು ಆ ಗುಂಡಿಗೆ ಮಣ್ಣು ಎಳೆದಳು. ನಾನು ಟ್ರಕ್ಕಿನಲ್ಲೇ ಕೂತಿದ್ದೆ, ಇಳಿಯಲಿಲ್ಲ.